ಜೊಲ್ಲಿಗೆ ಬಾರದ ಜ್ವರ

ಉಣುಗು ಕಚ್ಚಿ ಹರಡುವ ಜ್ವರವನ್ನು ಅಧ್ಯಯನ ಮಾಡುವ ಆ ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ‘ಸೂಜಿ’ ಎಂದು. ಹತ್ತು ವರ್ಷ ಕಸೂತಿ ಹಾಕಿ ಪಳಗಿದ ಕೈ ಅವಳದು. ಎಳ್ಳಿನಷ್ಟಿರುವ ಉಣುಗಿನ ಹೊಟ್ಟೆ ಸೀಳಿ, ಕರುಳನ್ನೂ ಜೊಲ್ಲಿನ ಗ್ರಂಥಿಯನ್ನೂ ಹರಿಯದಂತೆ ಬಿಡಿಸಿಡುವುದು ಅಲ್ಲಿ ಅವಳೊಬ್ಬಳಿಗೇ ಸಾಧ್ಯ. ಆದರೆ ಕೈ ಒಪ್ಪಿದ್ದ ಕೆಲಸವನ್ನು ಮನಸ್ಸು ಒಪ್ಪಿರಲಿಲ್ಲ. ದನದ ರಕ್ತ ಕುಡಿದು ದ್ರಾಕ್ಷಿಯಂತೆ ಊದಿಕೊಂಡ ಹೆಣ್ಣುಣುಗು ಚಿಮಟದ ತುದಿಯಲ್ಲಿ ಎಂಟು ಕಾಲು ಆಡಿಸಿದರೆ ಅವಳು ಇಂದಿಗೂ ಹೇಸಿಗೆಯಿಂದ ಮುಖ ಹಿಂದೆಳೆದುಕೊಳ್ಳುತ್ತಿದ್ದಳು.

ಒಂದು ಶನಿವಾರ ಅವಳೂ ಜೊತೆಗೆಲಸದವರೂ ಹುಲ್ಲುಗಾವಲಿನಲ್ಲಿ ಬಿಳಿ ಬಟ್ಟೆ ಎಳೆದಾಡಿ, ಅದಕ್ಕೆ ಹತ್ತಿಕೊಂಡ ಉಣುಗು ಹಿಡಿದು ತಂದಿದ್ದರು. ಮರುದಿನ ಸ್ನಾನಕ್ಕೆ ನಿಂತಾಗ ಸೊಂಟದ ಮಡಿಕೆಯಲ್ಲಿ ಗಂಟೊಂದು ಅವಳ ಬೆರಳಿಗೆ ತಾಗಿತು. ಗಂಟಿಗೆ ಕಾಲುಗಳಿದ್ದವು.

ಕಿರುಚಾಟ ಕೇಳಿ ಗಂಡ ಓಡಿ ಬಂದ. “ಏನೇ, ಜಾರಿ ಬಿದ್ಯಾ?”

“ಉಣುಗು ಕಚ್ಚಿದೆ! ಚಿಮಟ ತನ್ನಿ. ಹಿಸುಕಬೇಡಿ, ಬುಡಕ್ಕೇ ಹಿಡಿದು ನೆಟ್ಟಗೆ ಎಳೀರಿ.”

ಚರ್ಮ ಗೋಪುರದಂತೆ ಎದ್ದು, ಕೊನೆಗೆ ಅದು ಕಚ್ಚು ಬಿಟ್ಟಿತು.

“ಥೂ! ಸಂಡಾಸಿಗೆ ಹಾಕಿ ನೀರು ಬಿಡ್ತೀನಿ.”

“ಬೇಡ, ಡಬ್ಬಿಗೆ ಹಾಕಿ,” ಎಂದವಳು ಅಲ್ಲೇ ಕುಕ್ಕರಿಸಿ ವಾಂತಿ ಮಾಡಿಕೊಂಡಳು.

ಸೋಮವಾರ ಡಬ್ಬಿ ನೋಡಿದ ವಿಜ್ಞಾನಿ ಮೇಡಂ, “ಬೇರೆ ಯಾರಾದ್ರೂ ಸೀಳಲಿ ಬಿಡು,” ಎಂದರು.

“ಕುಡಿದಿರೋದು ನನ್ನ ರಕ್ತ ಮೇಡಂ. ನಾನೇ ಸೀಳ್ತೀನಿ.”

ಸೀಳಿದಳು. ಕರುಳಿನಿಂದ ಕಂದುಬಣ್ಣದ ಲೋಳೆ ಜಿನುಗಿತು. ಅರ್ಧ ಜೀರ್ಣವಾದ ತನ್ನದೇ ರಕ್ತ! ಕರುಳನ್ನೂ ಗ್ರಂಥಿಯನ್ನೂ ಬೇರೆ ಬೇರೆ ಬಿಡಿಸಿ ಮೇಡಂಗೆ ಪರೀಕ್ಷೆಗೆ ಕೊಟ್ಟಳು.

ಸಂಜೆ ಮೇಡಂ ಕರೆದರು. “ಕರುಳಲ್ಲಿ ಜ್ವರದ ರೋಗಾಣು ಇದೆ. ಜೊಲ್ಲಿನ ಗ್ರಂಥಿಯಲ್ಲಿ ಸಿಕ್ಕಿಲ್ಲ. ಬಾ, ಇದನ್ನ ನೋಡು.”

ಸೂಕ್ಷ್ಮದರ್ಶಕದಡಿ ಉಣುಗಿನದೇ ಬಣ್ಣವಿಲ್ಲದ ರಕ್ತ. ಅದರ ಕಣಗಳು ರೋಗಾಣುಗಳನ್ನು ನುಂಗಿ ಉಬ್ಬಿಕೊಂಡಿದ್ದವು.

“ಉಣುಗಿಗೂ ಅದು ಹೊರಗಿಂದ ನುಗ್ಗಿದ್ದೇ ಕಣಮ್ಮ. ಕರುಳು ದಾಟಿ ಬಂದಿದ್ದನ್ನ ಈ ಕಣಗಳು ತಿಂದ್ಹಾಕ್ತವೆ. ರೋಗಾಣು ಕೊಲ್ಲೋ ರಸಾನೂ ಅದರ ಮೈಯಲ್ಲೇ ಹುಟ್ಟುತ್ತೆ. ಎಷ್ಟೋ ಸಲ ಸೋತು, ರೋಗಾಣು ಜೊತೆ ಹೊಂದಿಕೊಂಡು ಬದುಕುತ್ತೆ. ಈ ಸಲ ತಡೆದಿರೋ ಹಾಗಿದೆ. ಗ್ರಂಥಿಗೆ ಬಂದಿದ್ರೆ ಜೊಲ್ಲಿನ ಜೊತೆ ನಿನ್ನ ಮೈಗೇ ಇಳೀತಿತ್ತು.”

“ಅಂದ್ರೆ ನನ್ನನ್ನ ಉಳಿಸಿದ್ದು ಈ ಹೊಲಸೇ?”

“ಅದು ತನ್ನನ್ನ ಉಳಿಸ್ಕೊಳ್ಳೋಕೆ ನೋಡ್ತು, ನಿನ್ನ ಗೊಡವೆ ಅದಕ್ಕೇನು? ಅದನ್ನೇ ನಂಬ್ಕೊಂಡು ಕೂರಬೇಡ, ಮೊದಲು ಡಾಕ್ಟರ ಹತ್ರ ಹೋಗು.”

ಡಾಕ್ಟರು ಮೂರು ವಾರ ದಿನಾ ಜ್ವರ ನೋಡಿಕೊಳ್ಳಲು ಹೇಳಿದರು. ಜ್ವರ ಬರಲಿಲ್ಲ. ಹೇಸಿಗೆಯೂ ಹೋಗಲಿಲ್ಲ. ಒಂದು ಹುಳದ ಮೈಯೊಳಗಿನ ಕಿತ್ತಾಟದಿಂದ ತಾನು ಬಚಾವಾದೆ ಎಂದು ನೆನೆದಾಗಲೆಲ್ಲ ಮೈ ಪರಚಿಕೊಳ್ಳುವಂತಾಗುತ್ತಿತ್ತು.

“ಕಚೇರಿಯಲ್ಲಿ ಟೈಪಿಂಗ್ ಕೆಲಸ ಖಾಲಿ ಇದೆ, ಹೋಗ್ತೀಯಾ?” ಮೇಡಂ ಒಂದು ದಿನ ಕೇಳಿದರು.

ಅವಳು ಚಿಮಟ ಕೈಗೆತ್ತಿಕೊಂಡಳು. “ವಾಕರಿಕೆ ಬಂದ್ರೆ ಬರಲಿ. ಆ ಕಣಗಳು ಯಾವಾಗ ಗೆಲ್ತವೆ, ಯಾವಾಗ ಸೋಲ್ತವೆ ಅಂತ ನನಗೆ ಗೊತ್ತಾಗ್ಬೇಕು,” ಎಂದು, ಮುಖ ಕಿವುಚಿಕೊಂಡೇ ಮುಂದಿನ ಉಣುಗಿಗೆ ಕೈಹಾಕಿದಳು.