ಸರಿ ಮಾಡಿದ ಕಿಡಕಿ

ನಾನು ಒಂದು ಕಿಟಕಿ. ಬರೆಯುವಾಗ ಕಿಟಕಿ, ನಮ್ಮ ಗದಗಿನ ಬಾಯಿಗೆ ಬಿದ್ದರೆ ಕಿಡಕಿ. ಮೈ ಸಾಗವಾನಿಯದು. ಎರಡು ಕದ, ಏಳು ಕಬ್ಬಿಣದ ಸರಳು. ನನ್ನ ಬಾಳಿನಲ್ಲಿ ಸರಳವಾದದ್ದೆಂದರೆ ಆ ಸರಳುಗಳಷ್ಟೇ. ಕದ ತೆರೆದರೆ ಆಚೆ ಏನು ಕಾಣುತ್ತದೆ ಎಂದು ಈಗಲೇ ಕೇಳಬೇಡಿ. ಅದನ್ನು ಹೇಳಲಿಕ್ಕೇ ಇಷ್ಟು ಮಾತು.

ನನ್ನನ್ನು ಮಾಡಿದವನು ಬಡಿಗ ಮೌನೇಶ. ಹೆಸರು ಮೌನೇಶ, ಬಾಯಿ ಮಾತ್ರ ಗರಗಸ. ಉಜ್ಜುಗೊರಡು ಹಾಕುತ್ತಾ ನನ್ನ ಜೊತೆಗೂ ಹರಟುತ್ತಿದ್ದ. “ಏ ಕಿಡಕೀ, ಕೇಳಿಲ್ಲೆ. ಬಾಗಲಾ ಇರೂದು ಬರೂ ಹೋಗೂ ಮಂದಿಗೆ. ನೀ ಇರೂದು ಎಲ್ಲೂ ಹೋಗಲಾರದವರಿಗೆ. ಮರೀಬ್ಯಾಡ ಮತ್ತ.” ಮರೆಯಲಿಲ್ಲ. ಮರೆತಿದ್ದರೆ ಚೆನ್ನಾಗಿತ್ತು.

ನನ್ನ ಮೊದಲ ನೌಕರಿ ಊರಿನ ಹಳೇ ಬಸ್‌ಸ್ಟ್ಯಾಂಡಿನಲ್ಲಿ, ಕಂಟ್ರೋಲರ್ ದೇಶಪಾಂಡೆಯವರ ಕೋಣೆಯ ಗೋಡೆಯಲ್ಲಿ. ಅವರ ಮೂಗಿನೊಳಗೆ ಇನ್ನೊಂದು ಮೂಗಿತ್ತೇನೋ, ಮೈಕಿನ ಮುಂದೆ ಕೂತರೆ “ನರೇಂಗಲ್ಲ, ಗಂಜೇಂದ್ರಗಡ, ಕುಂಷ್ಟಗಿ ಕಡೆ ಹೋಗುವ ಪ್ರಯಾಣಿಂಕರೇ” ಎಂದು ಊರೂರಿಗೆ ಒಂದೊಂದು ಸೊನ್ನೆ ಹಂಚುತ್ತಿದ್ದರು. ಜನ ನನ್ನ ಸರಳಿಗೆ ಮುಖ ಒತ್ತಿ ಕೇಳುತ್ತಿದ್ದರು.

“ಸಾಹೇಬ್ರ, ರೋಣದ ಬಸ್ ಹೋತೇನ್ರಿ?”

“ಹೋಂತು.”

“ಯಾವಾಗ್ರೀ?”

“ನೀ ಕೇಳೂ ಮೊಂದಲ.”

ಅಲ್ಲಿ ಎಲ್ಲರ ದನಿಯನ್ನೂ ಕಲಿತೆ. ನನ್ನೊಳಗೇ ಅಣಕಿಸಿ ನಗುತ್ತಿದ್ದೆ. ದನಿ ಕಲಿತರೆ ಸಾಲದು, ಬಾಯಿಯೂ ಬೇಕೆಂದು ಆಗ ಹೊಳೆಯಲಿಲ್ಲ.

ಬಸ್‌ಸ್ಟ್ಯಾಂಡ್ ಕೆಡವಿ ಹೊಸದು ಕಟ್ಟಿದಾಗ ನಾನು ಹಳೇ ಕಟ್ಟಿಗೆ ಮಾರುವವನ ಅಡ್ಡೆಗೆ ಬಂದೆ. ಚೌಕಟ್ಟು ಗೋಡೆಗೆ ಒರಗಿ, ಬೆನ್ನ ಹಿಂದೆ ಗೆದ್ದಲಿನ ಕಾಟ. ಒಂದು ದಿನ ನೀಲಗಂಗವ್ವ ಬಂದಳು. ಓಣಿಯವರ ಬಾಯಲ್ಲಿ ನೀಲವ್ವ. ಹದಿನೆಂಟು ವರ್ಷದಿಂದ ಬಾಡಿಗೆ ಮನೆಯ ಹಿಂದಿನ ಕೋಣೆಯಲ್ಲಿ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಿದ್ದವಳು. ಆ ಕೋಣೆಗೆ ಕಿಟಕಿ ಇರಲಿಲ್ಲ. ಒಲೆಯ ಹೊಗೆಯೆಲ್ಲ ಅವಳ ಎದೆಯಲ್ಲೇ ಬಿಡಾರ ಹೂಡಿತ್ತು. ಎರಡು ಮಾತಿಗೊಮ್ಮೆ ಕೆಮ್ಮು, ಮೆಟ್ಟಿಲು ಹತ್ತಿದರೆ ಉಬ್ಬಸ.

ಬಂದವಳು ನನ್ನ ಕದ ತೆರೆದು, ನೆಲದ ಮೇಲೆ ಚಕ್ಕಳಬಕ್ಕಳ ಹಾಕಿ ಕೂತುಬಿಟ್ಟಳು.

“ಅಕ್ಕಾರ, ಅದೇನ್ರೀ ಅಲ್ಲೇ ಕುಂತ್ರಿ?” ಎಂದ ಅಡ್ಡೆಯವನು.

“ರೊಟ್ಟಿ ಬಡಿಯೋರು ಕುಂತ ಇರ್ತಾರೋ ತಮ್ಮಾ. ಕುಂತವ್ರಿಗೆ ಆಕಾಶ ಕಾಣತೈತೋ ಇಲ್ಲೋ ನೋಡಬೇಕು. ಕಾಣತೈತಿ. ಇದ ಇರಲಿ.”

ಅವಳು ಕಟ್ಟಿಸುತ್ತಿದ್ದ ಸ್ವಂತ ಮನೆ ಇನ್ನೂ ಪಾಯದಲ್ಲಿತ್ತು. ಕಿಟಕಿ ಆಗಲೇ ಗೊತ್ತಾಗಿತ್ತು.

ಅವಳ ಗಂಡ ಶಿವಯೋಗೆಪ್ಪ ವಿದ್ಯುತ್ ಲೈನ್‌ಮನ್. ಕಂಬ ಹತ್ತಿ ಊರಿಗೆಲ್ಲ ಬೆಳಕು ಕೊಟ್ಟವನು. ಮನೆ ಕಟ್ಟುವಾಗ ಮಾತ್ರ ಕಂಬದಂತೆ ನಿಂತು ಎಲ್ಲರ ಮಾತಿಗೂ ತಂತಿಯಂತೆ ತೂಗಾಡುತ್ತಿದ್ದ. ಅವನ ಆಸೆ ಒಂದೇ: ತಲೆಬಾಗಿಲಿನ ಎಡಕ್ಕೊಂದು ಬಲಕ್ಕೊಂದು, ಹಾಲಿಗೆ ಜೋಡಿ ಕಿಟಕಿ, ಅದೂ ಹೊಸವು, ಗಾಜಿನವು. ಬೀದಿಯವರು ನೋಡಬೇಕು. ನೀಲವ್ವನಿಗೆ ಬೀದಿಯವರು ಕಾಣುವುದು ಬೇಕಿರಲಿಲ್ಲ. ಹೊಗೆ ಹೋಗುವುದು ಬೇಕಿತ್ತು.

ಗೋಡೆ ಮೊಣಕಾಲಿನ ಮಟ್ಟಕ್ಕೆ ಬಂದಾಗ, ಮೂರು ದಿನ ಮುಂಜಾನೆ, ಅವಳು ಒಲೆ ಬರುವ ಜಾಗದಲ್ಲಿ ಊದಿನಕಡ್ಡಿ ಹಚ್ಚಿಟ್ಟು ಕೂತಳು. ವಾಸ್ತು ನೋಡುವ ಗುರುಪಾದಯ್ಯನವರು ಕಂಡು, “ಭೂಮಿಪೂಜಾ ಅಂದ್ರ ಹಿಂಗಿರಬೇಕು” ಎಂದು ತಲೆದೂಗಿದರು. ಪೂಜೆ ಎಲ್ಲಿಯದು! ಅವಳು ಹೊಗೆಯ ದಾರಿ ನೋಡುತ್ತಿದ್ದಳು. ಹಿತ್ತಲ ಬಾಗಿಲ ಕಡೆಯಿಂದ ಗಾಳಿ ಬಂದು, ಮೂರೂ ದಿನ ಹೊಗೆ ದಕ್ಷಿಣಕ್ಕೇ ಬಾಗಿತು. ಇದ್ದಿಲಿನಿಂದ ಆ ಗೋಡೆಗೆ ಗೀರು ಹಾಕಿದಳು.

“ಇಲ್ಲೆ ಕೂಡ್ರಸು ಯಮನಪ್ಪಾ.”

ಯಮನಪ್ಪ ಗವಂಡಿ, ಗೋಡೆ ಕಟ್ಟುವವನು. “ಕಿಡಕಿ ಅಂದ್ರ ಮೂರು ಫೂಟ ಮ್ಯಾಲ ಇರತೈತ್ರಿ ಅಕ್ಕಾರ.”

“ಅದು ನಿಂತವ್ರ ಕಿಡಕಿ. ಇದು ಕುಂತಾಕಿದು.”

ಹಾಗೆ ನಾನು ನೆಲದಿಂದ ಒಂದೂವರೆ ಅಡಿಗೇ ಕೂತೆ. ಆಚೆಗೆ ಖಾಲಿ ಸೈಟು, ಜಾಲಿಕಂಟಿ, ಅದರ ಮೇಲೆ ಬೇಕಾದಷ್ಟು ಆಕಾಶ. ನನ್ನ ಜೀವನದ ಸುಖದ ದಿನಗಳು ಅಷ್ಟೇ: ಸುಮಾರು ಇಪ್ಪತ್ತೆರಡು.

ಇಪ್ಪತ್ಮೂರನೆಯ ದಿನ ಗುರುಪಾದಯ್ಯನವರು ಬೆರಳು ಮಡಚುತ್ತಾ ಮನೆಯೆಲ್ಲ ಸುತ್ತಿದರು. ಬಾಗಿಲು ನಾಲ್ಕು, ಕಿಟಕಿ ಐದು.

“ಒಂಬತ್ತು ಆಗತೈತಲ್ಲೋ ಶಿವಯೋಗೆಪ್ಪಾ! ಬೆಸ. ಬಾಗಲಾ ಕಿಡಕಿ ಕೂಡಿ ಸರಿಸಂಖ್ಯಾ ಬರಬೇಕು.”

“ಇನ್ನೊಂದು ಇಡಸ್ಲೇನ್ರಿ ಅಯ್ಯಾವ್ರ?”

“ಹತ್ತು ಆಗತಾವ. ಕೊನಿಗೆ ಸೊನ್ನಿ ಬರಬಾರದು, ಮನೀನ ಸೊನ್ನಿ ಆಗತೈತಿ. ಹನ್ನೆರಡು ಮಾಡ್ತೀ ಅಂದ್ರ ಗೋಡಿ ಎಲ್ಲೈತಿ? ಒಂದು ಮುಚ್ಚು. ದಕ್ಷಿಣದ್ದು ಐತಲ್ಲ, ಯಮನ ದಿಕ್ಕು. ಅದನ್ನ ಮುಚ್ಚಿ ಸರಿ ಮಾಡು.”

ಇಂಥ ವಾಸ್ತುವಿನ ಮುಂದೆ ವಾಸ್ತವ ಎಲ್ಲಿ ನಿಲ್ಲಬೇಕು? ನೀಲವ್ವ ನಿಂತಳು. “ಹಾಲಿನ್ಯಾಗ ಎರಡು ಅದಾವಲ್ರಿ, ಅದರಾಗ ಒಂದು ಮುಚ್ಚರಿ.”

“ಜೋಡಿ ಒಡದ್ರ ಮಾರಿ ಒಕ್ಕಣ್ಣ ಆದಂಗ ಕಾಣತೈತಿ, ನೀಲಾ,” ಎಂದ ಶಿವಯೋಗೆಪ್ಪ.

“ಮನೀ ಮಾರಿ ಚಂದ ಇರಲಿ ಅಂತ ನನ್ನ ಮೂಗು ಮುಚ್ಚತೀರೇನು?”

ಒಂದು ವಾರ ಇದೇ ನಡೆಯಿತು. ಆ ವಾರವೆಲ್ಲ ಕಟ್ಟೋಣದಲ್ಲಿ ‘ಸರಿ’ ಎಂಬ ಮಾತಿಗೆ ಅರ್ಥ ಒಂದೇ. “ಯಾವದು ಸರಿ ಮಾಡೂಣ್ರಿ?” ಎಂದು ಯಮನಪ್ಪ ಕೇಳಿದರೆ, ಯಾವುದನ್ನು ಮುಚ್ಚೋಣ ಎಂದು. “ಇನ್ನೂ ಸರಿ ಆಗಿಲ್ಲೇನು?” ಎಂದು ಗುರುಪಾದಯ್ಯನವರು ಕೇಳಿದರೆ, ಇನ್ನೂ ಮುಚ್ಚಿಲ್ಲವೇ ಎಂದು. ಎರಡಕ್ಷರದ ಮಾತು, ಮೈಮೇಲೆ ಸಿಮೆಂಟು ಹತ್ತಿಸಿಕೊಂಡು ಗಟ್ಟಿಯಾಗಿಬಿಟ್ಟಿತ್ತು.

ವಾರದ ಕೊನೆಗೆ ಗಾಳಿಮಳೆಗೆ ರೋಣದ ಕಡೆ ಕಂಬಗಳು ಬಿದ್ದವು. ಶಿವಯೋಗೆಪ್ಪನಿಗೆ ನಾಲ್ಕು ದಿನ ಅಲ್ಲೇ ಕೆಲಸ. ಹೊರಡುವ ಮುಂಜಾನೆ ಬಾಡಿಗೆ ಮನೆಯಲ್ಲಿ ನೀಲವ್ವನಿಗೆ ಉಬ್ಬಸ ಬಂದು, ರೊಟ್ಟಿಯ ಹಿಟ್ಟಿನ ಮೇಲೆಯೇ ಕೈಯೂರಿ ಬಗ್ಗಿದಳಂತೆ. ಅದನ್ನು ಕಣ್ಣಲ್ಲಿಟ್ಟುಕೊಂಡೇ ಅವನು ರೋಣಕ್ಕೆ ಹೋದ. ಇದನ್ನೆಲ್ಲ ಆಮೇಲೆ ಅವನೇ ಹೇಳಿಕೊಂಡದ್ದು. ರೋಣದಿಂದ ಯಮನಪ್ಪನಿಗೆ ಫೋನು ಮಾಡಿದ. ಯಮನಪ್ಪನ ಕೈ ತುಂಬ ಸಿಮೆಂಟು. ಫೋನನ್ನು ನನ್ನ ಅಡಿಪಟ್ಟಿಯ ಮೇಲಿಟ್ಟು ಕಿರುಬೆರಳಿನಿಂದ ಸ್ಪೀಕರ್ ಒತ್ತಿದ. ಹಾಗಾಗಿ ಆ ಮಾತಿಗೆ ನಾನೇ ಸಾಕ್ಷಿ.

“ಯಮನಪ್ಪಾ, ವಿಚಾರ ಮಾಡೀನಿ. ಅಡಗಿಮನಿ ಕಿಡಕಿ ಸರಿ.”

“ಅಡಗಿಮನೀದು ಸರೀನ್ರಿ?”

“ಹೂಂ, ಅದ ಸರಿ. ಹಾಲಿನ್ಯಾಗಿನ...”

ಲೈನು ಕಡಿಯಿತು. ಲೈನ್‌ಮನ್ನನ ಲೈನೇ.

ಯಮನಪ್ಪ ತಲೆಯಾಡಿಸಿ ಇಟ್ಟಿಗೆ ತರಿಸಿದ. ನನಗೆ ಅರ್ಥವಾಗಿತ್ತು. ಇರಲಿ, ಅದು ಇರಲಿ ಎಂದು ಹೇಳುತ್ತಿದ್ದಾನೆ, ಮಹಾರಾಯ! ದೇಶಪಾಂಡೆಯವರ ದನಿ ಬರುತ್ತಿತ್ತು, ಮೌನೇಶನ ದನಿ ಬರುತ್ತಿತ್ತು, ಶಿವಯೋಗೆಪ್ಪನದೂ ಬರುತ್ತಿತ್ತು. ಬಾಯಿ ಬರಲಿಲ್ಲ. ಯಮನ ದಿಕ್ಕಿನ ಕಿಟಕಿಯನ್ನು ಯಮನಪ್ಪ ಹೊರಗಿನಿಂದ ಮುಚ್ಚಿದ. ಸರಳಿಗೆ ಹತ್ತಿಸಿಯೇ ಇಟ್ಟಿಗೆ, ಅದರಾಚೆ ಗಿಲಾವು. ಒಳಗಿನಿಂದ ಕದ ಮುಂದೂಡಿ ಚಿಲಕ ಹಾಕಿ, “ಚೌಕಟ್ಟು ಹಂಗ ಇರಲಿ, ಭಾಳ ಚಂದ ಐತಿ” ಎಂದ. ಒಳ್ಳೆಯ ಮನುಷ್ಯ.

ಗೃಹಪ್ರವೇಶದ ಹಿಂದಿನ ರಾತ್ರಿ ಬಂದ ಶಿವಯೋಗೆಪ್ಪ, ಹಾಲಿನ ಜೋಡಿ ಕಿಟಕಿ ಎರಡೂ ತೆರೆದೇ ಇರುವುದನ್ನು ಕಂಡು ಗವಂಡಿಯನ್ನು ಮೈಗಳ್ಳನೆಂದು ಬೈದು, ಉಬ್ಬಸದಿಂದ ಆ ನಾಲ್ಕು ದಿನ ಇತ್ತ ಬಾರದಿದ್ದ ನೀಲವ್ವನಿಗೆ “ನಿನ್ನ ಕಿಡಕಿ ಉಳಸೀನಿ” ಎಂದು ಹೇಳಿ ಮಲಗಿದ. ಮರುದಿನ ಹಾಲುಕ್ಕಿಸಲು ಒಲೆ ಹಚ್ಚಿದರು. ಹೊಗೆ ತುಂಬಿತು. ನೀಲವ್ವ ಕೆಮ್ಮುತ್ತಲೇ ನಕ್ಕು ಓಣಿಯ ಹೆಂಗಸರಿಗೆ, “ತಡೀರವ್ವಾ, ನನ್ನ ಕಿಡಕಿ ತೋರಸ್ತೀನಿ” ಎಂದು ನೆಲದ ಮೇಲೆ ಕೂತು ನನ್ನ ಕದ ತೆರೆದಳು.

ಇಟ್ಟಿಗೆ. ಸಂದಿಯಲ್ಲಿ ಇನ್ನೂ ಹಸಿ ಸಿಮೆಂಟು.

ಹೆಂಗಸರು ಮೂಗಿಗೆ ಸೆರಗು ಹಿಡಿದು ಬಗ್ಗಿ ನೋಡಿದರು. ಕೊನೆಗೆ ಒಬ್ಬಳು, “ಅಯ್ಯ, ಕಪಾಟು ಭಾಳ ಚಂದ ಮಾಡಸೀರಿ ನೋಡ್ರಿ” ಎಂದಳು.

“ಹೂಂ,” ಎಂದಳು ನೀಲವ್ವ. “ಕಪಾಟ.”

ಹಿತ್ತಲಿನಲ್ಲಿ ಗಂಡಸರ ದನಿ ಏರಿತು. “ನೀವ ಸರಿ ಅಂದ್ರಲ್ರೀ!” “ನಾ ಸರಿ ಅಂದದ್ದು ಸರಿ ಅಂತಲೋ, ಸರಿ ಅಂತಲ್ಲ!” ಗುರುಪಾದಯ್ಯನವರು ನಡುವೆ ಬಂದು ಎಣಿಸಿ, ಎಂಟು ಎಂದು ಸಮಾಧಾನಪಟ್ಟರು. “ಹಾಲುಕ್ಕಿಸಿದ ಮನೀಗೆ ವರ್ಷತನಕ ಸುತಗಿ ಹಚ್ಚಬಾರದು. ಸರಿ ಆದದ್ದನ್ನ ಬೆಸ ಮಾಡಿದ್ರ ಮನಿಯಾಕೀಗೇ ಕೆಟ್ಟದ್ದು.” ಕಂಬದ ತುದಿಯಲ್ಲಿ ಹೆದರದ ಶಿವಯೋಗೆಪ್ಪ ಅಲ್ಲಿ ಹೆದರಿದ. ಒಂದು ಸುತ್ತಿಗೆ, ಹತ್ತು ನಿಮಿಷ. ಅಷ್ಟೇ ಬೇಕಾಗಿದ್ದದ್ದು.

ನೀಲವ್ವ ದಿನಾ ಮುಂಜಾನೆ ನನ್ನ ಕದ ತೆರೆಯುತ್ತಿದ್ದಳು. “ಗೋಡಿ ನೋಡಾಕ ಯಾಕ ತಗೀತಿ?” ಎಂದು ಗಂಡ ಕೇಳಿದರೆ, “ಒಡಿಯೋ ದಿನ ಕದ ಬಿಗದಿರಬಾರದಲ್ರಿ” ಎನ್ನುತ್ತಿದ್ದಳು. ಕದ ತಿರುಗುವ ಬಿಜಾಗರಿಗೆ ಎಣ್ಣೆ ಬಿಡುತ್ತಿದ್ದಳು. ಹನ್ನೊಂದನೆಯ ತಿಂಗಳಿಗೆ ಪಕ್ಕದ ಸೈಟಿನವನು ನನ್ನ ಬೆನ್ನಿಗೆ ಬೆನ್ನು ಹಚ್ಚಿ ತನ್ನ ಗೋಡೆ ಎಬ್ಬಿಸಿದ. ಆ ದಿನ ಅವಳು ನನ್ನ ಕದ ಮುಚ್ಚಿದಳು. ಮರುದಿನ ಉಪ್ಪಿನ ಭರಣಿ, ಖಾರಪುಡಿಯ ಡಬ್ಬಿ ತಂದು ನನ್ನೊಳಗಿಟ್ಟಳು. ಎಣ್ಣೆ ಬಿಡುವುದನ್ನು ಬಿಟ್ಟಳು.

ಮೂರನೆಯ ಶ್ರಾವಣ ಅವಳು ದಾಟಲಿಲ್ಲ.

ಈಗ ಒಲೆ ಹತ್ತುವುದಿಲ್ಲ. ಶಿವಯೋಗೆಪ್ಪನ ನೌಕರಿ ಮುಗಿದಿದೆ. ಡಬ್ಬಿಗಳನ್ನು ತೆಗೆದು, ಆ ಜಾಗದಲ್ಲಿ ಅವಳ ಫೋಟೋ ಇಟ್ಟಿದ್ದಾನೆ. ಬೆನ್ನಿಗೆ ಇಟ್ಟಿಗೆ, ಮುಖ ಒಳಗಡೆಗೆ. ಮುಂಜಾನೆ ಬಿಗಿದ ಕದಗಳನ್ನು ಜಗ್ಗಿ ತೆರೆದು, ಅವಳು ಕೂರುತ್ತಿದ್ದಲ್ಲೇ ಕೂತು ಊದಿನಕಡ್ಡಿ ಹಚ್ಚುತ್ತಾನೆ. ಹೊಗೆ ಹಳೆಯ ದಾರಿ ಮರೆತಿಲ್ಲ. ದಕ್ಷಿಣಕ್ಕೇ ಬಾಗುತ್ತದೆ, ನನ್ನ ಸರಳಿನವರೆಗೆ ಬರುತ್ತದೆ, ಇಟ್ಟಿಗೆಗೆ ಬಡಿದು ಅವನ ಮುಖಕ್ಕೇ ಮರಳುತ್ತದೆ. ಅವನು ಕೆಮ್ಮುತ್ತಾನೆ. ಒಮ್ಮೊಮ್ಮೆ ಫೋಟೋದ ಗಾಜು ಒರೆಸಿ, “ನಾ ಸರಿ ಅಂದಿದ್ದೆ, ನೀಲಾ” ಎನ್ನುತ್ತಾನೆ.

ಎಲ್ಲೂ ಹೋಗಲಾರದವರಿಗೆ ಎಂದಿದ್ದ ಮೌನೇಶ. ಅವಳು ಈಗ ನನ್ನನ್ನು ಬಿಟ್ಟು ಎಲ್ಲೂ ಹೋಗಲಾರಳು. ಅವನೂ ಅಷ್ಟೆ. ಇಬ್ಬರಿಗೂ ತೋರಿಸಲು ನನ್ನ ಬಳಿ ಏನೂ ಇಲ್ಲ.

ಮನೆಯಲ್ಲಿ ಬಾಗಿಲು ನಾಲ್ಕು, ಕಿಟಕಿ ನಾಲ್ಕು. ನಾನು ಲೆಕ್ಕಕ್ಕಿಲ್ಲ. ಒಟ್ಟು ಎಂಟು. ಸರಿ.