ಅಮೀನು, ಮೀನಲ್ಲ

ಒಂದು ಊಟಕ್ಕೆ ಎಷ್ಟು ಬೀಳುತ್ತದೆ ಎಂದು ಕೇಳಿದರೆ ಕ್ಯಾಂಟೀನಿನ ಅಕ್ಕ ಬೆರಳು ಮಡಚದೆ ಹೇಳುತ್ತಿದ್ದಳು. ಬೆಲೆಯಲ್ಲಿ ಅರ್ಧ ಅಕ್ಕಿ ಬೇಳೆಗೆ ಹೋಯಿತು. ಕಾಲು ಭಾಗ ತರಕಾರಿಗೆ, ಎಣ್ಣೆ ಉಪ್ಪಿಗೆ. ಉಳಿದ ಕಾಲು ಭಾಗದಲ್ಲಿ ಪಾತ್ರೆ ತೊಳೆಯುವವಳ ಕೂಲಿ ಕಳೆದು ಮಿಕ್ಕಿದ್ದು ಅವಳ ಹೊಟ್ಟೆಗೆ. ಹಾಗಾದರೆ ಒಲೆಗೆ? ಒಲೆಗೆ ಏನೂ ಇಲ್ಲ. ಹೊರಗಿನ ಹೋಟೆಲಿನವನು ಗ್ಯಾಸಿಗೆ ಸುರಿಯುವ ದುಡ್ಡನ್ನು ಅವಳು ಉಣ್ಣುವವರ ತಟ್ಟೆಗೆ ಸುರಿಯುತ್ತಿದ್ದಳು. ಅವಳ ಊಟ ಅಗ್ಗವಾಗಿಯೂ ಹೊಟ್ಟೆ ತುಂಬುವಂತೆಯೂ ಇದ್ದುದರ ಗುಟ್ಟು ಇಷ್ಟೇ: ಅವಳಿಗೆ ಆವಿ ಬಿಟ್ಟಿ.

ಅದು ಕೈ ಒರೆಸುವ ಕಾಗದ ಮಾಡುವ ಕಾರ್ಖಾನೆ. ಹಸಿ ಕಾಗದವನ್ನು ಒಣಗಿಸಲು ಆಳೆತ್ತರದ ಉರುಳೆಗಳೊಳಗೆ ಬಾಯ್ಲರಿನ ಆವಿ ಬಿಡುವಿಲ್ಲದೆ ಓಡುತ್ತಿತ್ತು. ಅದರದೇ ಒಂದು ಸಣ್ಣ ಕವಲು ಗೋಡೆ ದಾಟಿ ಕ್ಯಾಂಟೀನಿಗೆ ಬಂದಿತ್ತು. ಆನೆಯ ಬಾಯಿಂದ ಉದುರಿದ ಅಗುಳಿನಲ್ಲಿ ಇರುವೆಯ ಸಂಸಾರ ನಡೆದ ಹಾಗೆ. ಅಕ್ಕಿ, ನೀರು ಹಾಕಿದ ಕೊಪ್ಪರಿಗೆಯೊಳಕ್ಕೆ ಪೈಪಿನ ತುದಿಯನ್ನೇ ಇಳಿಬಿಟ್ಟು ನಲ್ಲಿ ತಿರುಗಿಸಿದರೆ ಆಯಿತು. ಬುಸುಗುಟ್ಟುತ್ತ ಬಂದ ಆವಿ ನೀರಿನೊಳಗೇ ಕರಗಿ, ನೀರು ಮರಳಿ, ಅನ್ನ ಅರಳುತ್ತಿತ್ತು. ಬೇಳೆಗೂ ಹಾಗೇ. ಆವಿ ಎಂದರೆ ನೀರೇ ತಾನೆ ಎಂದು ಅದನ್ನು ಯಾರೂ ಎರಡನೇ ಸಲ ಯೋಚಿಸಿರಲಿಲ್ಲ.

ಆ ಬಾಯ್ಲರನ್ನು ನೋಡಿಕೊಳ್ಳುತ್ತಿದ್ದವನು ಅವಳ ತಮ್ಮ. ತಾಯಿ ಹೋದ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅಕ್ಕನೇ. ಅವಳ ಒಲೆಯ ಪಕ್ಕದಲ್ಲಿ ಕೂತು ಬೆಳೆದವನು, ಅವಳ ಮಾತುಗಳನ್ನೇ ಉಂಡು ಬೆಳೆದವನು. ಬಡಿಸುವಾಗ ಅಳತೆ ನೋಡಬೇಡ, ಒಂದು ಹಿಡಿ ಜಾಸ್ತಿಯೇ ಹಾಕು, ಹಾಕಿದ ಕೈ ಕೆಡುವುದಿಲ್ಲ ಎಂದು ಅವಳು ಅವನಿಗೆ ಹೇಳಿಕೊಟ್ಟಿದ್ದಳು. ಅವಳಿಗೆ ಆ ಗುಣದಿಂದ ಹೆಸರೂ ಬಂದಿತ್ತು. ಅಂಟು ಬೆರೆಸುವ ವಿಭಾಗದಲ್ಲಿ ಉದ್ದಣ್ಣ ಎಂಬ ಅಡ್ಡಹೆಸರಿನ ಆಳೊಬ್ಬನಿದ್ದ. ಬಾಗಿಲು ದಾಟುವಾಗ ತಲೆ ಬಗ್ಗಿಸಬೇಕಾದಷ್ಟು ಉದ್ದ, ನಾಲಿಗೆ ಅದಕ್ಕಿಂತ ಉದ್ದ. ಅವನು ಸಾಲಿನಲ್ಲಿ ನಿಂತು ದಿನಾ ಒಂದೇ ಮಾತು ಹೇಳುವನು.

“ಅಕ್ಕ ಅನ್ನಕ್ಕೆ ಏನೋ ಮದ್ದು ಹಾಕ್ತಾಳೆ ಕಣ್ರೋ. ಇಲ್ದಿದ್ರೆ ಮನೇಲಿ ಹೆಂಡ್ತಿ ಮಾಡಿದ್ದು ನಂಗ್ಯಾಕೆ ಸೇರಲ್ಲ?”

ಅವನು ಹತ್ತಿರ ಬಂದರೆ ಹಳೇ ಮೀನಿನ ವಾಸನೆ ಬರುತ್ತಿತ್ತು. ಕಾಗದ ನೀರಲ್ಲಿ ನೆನೆದರೂ ಹರಿಯಬಾರದೆಂದು ಅವರು ಬೆರೆಸುವ ಅಂಟಿನಲ್ಲಿದ್ದ ಅಮೀನು ಎಂಬ ರಾಸಾಯನಿಕದ ಗುಣ ಅದು. ಮೊದಮೊದಲು ಅಕ್ಕ ಮೂಗು ಮುಚ್ಚಿಕೊಂಡಾಗ ಅವನು, ತಾನು ಮೀನು ಹಿಡಿಯುವವನಲ್ಲ, ಅಮೀನು ಹಿಡಿಯುವವನು, ಮೀನಲ್ಲ ಅಂತ ಹೆಸರೇ ಹೇಳುತ್ತದಲ್ಲ ತಾಯಿ ಎಂದು ನಗಿಸಿದ್ದ. ಹಾಗಾಗಿ ಕಾರ್ಖಾನೆಯಲ್ಲಿ ಮೀನಿನ ವಾಸನೆ ಎಂದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ.

ಹೀಗಿರುವಾಗ ಅವಳ ಅನ್ನದಲ್ಲೇ ಆ ವಾಸನೆ ಕಾಣಿಸಿಕೊಂಡಿತು.

ಮೊದಲ ದಿನ ಗಾಳಿ ಆ ಕಡೆಯಿಂದ ಬೀಸಿತೆಂದು ಸುಮ್ಮನಾದಳು. ಮರುದಿನ ಬೇಳೆಯಲ್ಲೂ ಬಂತು. ಬಾಯಿಗಿಟ್ಟರೆ ಸಾಬೂನಿನಂಥ ಒಗರು. ಅಕ್ಕಿ ಅಂಗಡಿಯವನ ಜೊತೆ ಜಗಳ ಆಡಿ ಅಂಗಡಿ ಬದಲಿಸಿದಳು. ಕೊಪ್ಪರಿಗೆಗಳನ್ನು ಮಗುಚಿ ಹಾಕಿ ಬೂದಿ, ಹುಣಸೆಹಣ್ಣು ಹಚ್ಚಿ ಕೈಗೆ ಬೊಬ್ಬೆ ಬರುವ ತನಕ ಉಜ್ಜಿದಳು. ವಾಸನೆ ಹೋಗಲಿಲ್ಲ. ಕೊನೆಗೆ ಕೋಪವೆಲ್ಲ ಪಾತ್ರೆ ತೊಳೆಯುವವಳ ಮೇಲೆ ತಿರುಗಿತು. ನಿನ್ನ ಒರೆಸುವ ಬಟ್ಟೆಯೇ ನಾರುತ್ತದೆ, ಅಂಟಿನ ವಿಭಾಗದಿಂದ ಹೆಕ್ಕಿ ತಂದಿರಬೇಕು ಎಂದು ಎಲ್ಲರೆದುರು ಬೈದು, ಲೆಕ್ಕ ಚುಕ್ತಾ ಮಾಡಿ ಕಳಿಸಿಬಿಟ್ಟಳು. ಆ ಹೆಂಗಸು ಬಟ್ಟೆಯನ್ನು ಮೂಸಿ ನೋಡಿ, ಮಡಚಿ ಕಟ್ಟೆಯ ಮೇಲಿಟ್ಟು ಹೋದಳು. ಅವಳು ಹೋದ ಮೇಲೂ ವಾಸನೆ ಬಂತು.

ಆಮೇಲೆ ಜನಕ್ಕೆ ಕಣ್ಣುರಿ ಶುರುವಾಯಿತು. ಊಟವಾದ ಸ್ವಲ್ಪ ಹೊತ್ತಿಗೆ ತಲೆಸಿಡಿತ, ಹೊಟ್ಟೆ ತೊಳಸುವುದು. ತಮ್ಮನೂ ಸೊರಗಿದ. ಅವನ ಮುಖ ನೋಡಲಾರದೆ ಅಕ್ಕ ಅವನಿಗೆ ಎರಡೆರಡು ಸಲ ಬಡಿಸಿ, ಕೂತು ಉಣಿಸಿದಳು. ಒಂದು ದಿನ ಕಟ್ಟು ಕಟ್ಟುವ ವಿಭಾಗದ ಹೆಂಗಸರು ಒಬ್ಬರ ಹಿಂದೊಬ್ಬರು ಎದ್ದುಹೋಗಿ ಗೋಡೆಯ ಪಕ್ಕ ಬಗ್ಗಿ ವಾಂತಿ ಮಾಡಿದರು. ಅಕ್ಕ ಸೌಟು ಹಿಡಿದೇ ಬಾಗಿಲಲ್ಲಿ ನಿಂತು ನೋಡಿದಳು. ತನ್ನ ಅನ್ನ ನೆಲದ ಮೇಲೆ ಹಾಗೆ ಬಿದ್ದದ್ದನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ. ಅಕ್ಕಿಯ ಚೀಲದ ಮೇಲೆ ಕುಸಿದು ಕೂತಳು. ಅದೇ ಸಂಜೆ ಮ್ಯಾನೇಜರು ಕರೆಸಿ, ಈ ವಾರ ಸರಿಹೋದರೆ ಸರಿ, ಇಲ್ಲವಾದರೆ ಕ್ಯಾಂಟೀನು ಬೇರೆಯವರಿಗೆ ಎಂದು ಮೆಲ್ಲಗೇ ಹೇಳಿದರು. ಅವರ ಕಣ್ಣೂ ಕೆಂಪಾಗಿತ್ತು. ಅವರೂ ಅವಳ ಊಟವನ್ನೇ ಉಣ್ಣುತ್ತಿದ್ದವರು.

ವಾರದ ಕೊನೆಯ ದಿನ ಗಂಟೆ ಹೊಡೆಯುವ ಮೊದಲೇ ತಮ್ಮ ಊಟಕ್ಕೆ ಬಂದ. ಅಕ್ಕನ ಮುಖ ನೋಡಿ ಸಮಾಧಾನ ಹೇಳಲು ಹೊರಟ.

“ಬೇಜಾರು ಮಾಡ್ಕೋಬೇಡಕ್ಕ. ನನ್ನ ಕಡೆ ಒಂದು ಒಳ್ಳೇ ಸುದ್ದಿ ಇದೆ. ಹೋದ ವರ್ಷ ತುಕ್ಕು ಹಿಡಿದು ಜರಡಿ ಆಗಿತ್ತಲ್ಲ ಪೈಪು, ಅದರ ಬದಲಿಗೆ ಹಾಕಿದ್ದನ್ನ ಇವತ್ತು ಬಿಚ್ಚಿ ನೋಡಿದ್ವಿ. ಒಳಗೆ ತುಕ್ಕಿನ ಚೂರೂ ಇಲ್ಲ. ಹೊಸ ಮದ್ದು ಅಷ್ಟು ಚೆನ್ನಾಗಿ ಕೆಲಸ ಮಾಡಿದೆ.”

ಪೈಪಿಗೆ ಏನೋ ಹೊಸ ಮದ್ದು ತರಿಸಿದ್ದಾರೆ, ಅದನ್ನು ನೋಡಿಕೊಳ್ಳುವ ಜವಾಬ್ದಾರಿ ತನ್ನದೇ ಎಂದು ಅವನು ಹಿಂದೆಯೂ ಹೆಮ್ಮೆಯಿಂದ ಹೇಳಿದ್ದ. ಆಗ ಅಕ್ಕ ಅದಕ್ಕೆ ಅಷ್ಟಾಗಿ ಕಿವಿಗೊಟ್ಟಿರಲಿಲ್ಲ. ಈಗಲೂ ಬಡಿಸುತ್ತಲೇ, ಮಾತಿಗೆ ಮಾತು ಇರಲಿ ಎಂದು, ಯಾವ ಪೈಪಿಗೆ ಹಚ್ಚುತ್ತಾರೆ ಅದನ್ನು ಎಂದು ಕೇಳಿದಳು.

“ಹಚ್ಚೋದಲ್ಲಕ್ಕ. ಬಾಯ್ಲರ್ ನೀರಿಗೆ ಬಿಡೋದು. ಆದ್ರೆ ನೀರಲ್ಲೇ ಕೂತಿರೋ ಮದ್ದಲ್ಲ ಅದು. ಆವಿ ಜೊತೆ ತಾನೂ ಆವಿಯಾಗಿ ಹಾರುತ್ತೆ, ಆವಿ ನೀರಾದ ಕಡೆ ತಾನೂ ಇಳಿಯುತ್ತೆ. ಆವಿ ಎಲ್ಲಿಗೆ ಹೋಗುತ್ತೋ ಅಲ್ಲಿಗೆಲ್ಲ ಹೋಗುತ್ತೆ. ಅದೇ ಅದರ ಹೆಚ್ಚುಗಾರಿಕೆ.”

ಸೌಟು ಅರ್ಧಕ್ಕೆ ನಿಂತಿತು.

“ನನ್ನ ಕೊಪ್ಪರಿಗೆಗೆ ಬರೋದು ಯಾವ ಆವಿನೋ?”

ತಮ್ಮ ಬಾಯಿಗೆ ಒಯ್ಯುತ್ತಿದ್ದ ತುತ್ತನ್ನು ಹಾಗೇ ಹಿಡಿದ. ಒಂದೇ ಬಾಯ್ಲರಲ್ವಾ ಅಕ್ಕ ಎಂದು ಶುರು ಮಾಡಿದವನು ಮಾತು ಮುಗಿಸಲಿಲ್ಲ. ಅವನ ಬಾಯಿಯಿಂದ ಬಂದದ್ದು ಅವನ ಕಿವಿಗೆ ಆಗಷ್ಟೇ ತಲುಪಿದಂತಿತ್ತು. ಕೈಯಲ್ಲಿದ್ದ ಅನ್ನವನ್ನು ತಟ್ಟೆಗೆ ಹಾಕಿ, ಆ ಕೈಯನ್ನೇ ನೋಡುತ್ತ ಕೂತ.

ಆ ಮದ್ದಿಗೆ ಏನು ಹೆಸರು ಎಂದು ಅಕ್ಕ ಕೇಳಿದಳು.

“ಅದೂ ಅಮೀನೇ. ಉದ್ದಣ್ಣನ ಅಂಟಲ್ಲಿರೋದರ ದಾಯಾದಿ.”

ಅಕ್ಕ ಉಜ್ಜಿ ಬೆಳಗಿದ್ದ ಸಣ್ಣ ಪಾತ್ರೆಯೊಂದಕ್ಕೆ ನಲ್ಲಿಯ ತಣ್ಣೀರು ಹಿಡಿದಳು. ಅಕ್ಕಿ ಇಲ್ಲ, ಬೇಳೆ ಇಲ್ಲ, ಬರೀ ನೀರು. ಅದರೊಳಕ್ಕೆ ಪೈಪಿನ ತುದಿ ಇಳಿಬಿಟ್ಟು ಆವಿ ತಿರುಗಿಸಿದಳು. ನೀರು ಕುದಿಯಿತು. ಅಕ್ಕ ತಮ್ಮ ಇಬ್ಬರೂ ಅದರ ಮೇಲೆ ಬಗ್ಗಿದರು. ಕೊಳೆತ ಮೀನಿನ ವಾಸನೆ ಮುಖಕ್ಕೆ ಹೊಡೆದು ಇಬ್ಬರ ಕಣ್ಣಲ್ಲೂ ನೀರು ಬಂತು.

ಮನಸ್ಸಿಗೆ ತೋಚಿದ್ದೆಲ್ಲ ಒಮ್ಮೆಲೇ ಅವಳ ಎದೆಯ ಮೇಲೆ ಕುಸಿಯಿತು. ಗೋಡೆಯ ಪಕ್ಕ ಬಗ್ಗಿ ನಿಂತ ಹೆಂಗಸರು. ಬೇಡ ಬೇಡವೆಂದರೂ ತಾನು ಎರಡನೇ ಸಲ ಬಡಿಸಿದ ತಮ್ಮ. ಮಡಚಿಟ್ಟ ಆ ಒರೆಸುವ ಬಟ್ಟೆ. ಎಷ್ಟು ಬಿಡುತ್ತಿದ್ದೀಯ ಅದನ್ನು ಎಂದು ಕೇಳುವಾಗ ಅವಳಿಗೆ ಉತ್ತರ ಬೇಡವಾಗಿತ್ತು.

ಮದ್ದು ಮಾರಿದವನು ಅದನ್ನು ನೀರಿಗೆ ಬಿಡುವ ಪಂಪಿನ ತಿರುಗಣೆಗೆ ಗುರುತು ಹಾಕಿ ಕೊಟ್ಟಿದ್ದನಂತೆ. ಆದರೂ ಒಂದೆರಡು ಕಡೆ ತುಕ್ಕುನೀರು ತೊಟ್ಟಿಕ್ಕುತ್ತಿತ್ತು. ತಮ್ಮ ಗುರುತು ದಾಟಿಸಿ ತಿರುಗಿಸಿದ್ದ. ಸ್ವಲ್ಪ ದಿನ ಬಿಟ್ಟು ಇನ್ನೂ ಅಷ್ಟು.

“ನೀನೇ ಹೇಳ್ತಿದ್ದೆಯಲ್ಲಕ್ಕ, ಒಂದು ಹಿಡಿ ಜಾಸ್ತಿ ಹಾಕು ಅಂತ.”

ಅವನು ಆಡಿಕೊಳ್ಳಲು ಹೇಳಿದ್ದಲ್ಲ, ತಪ್ಪಿಸಿಕೊಳ್ಳಲೂ ಅಲ್ಲ. ನಿಜ ಅಷ್ಟೇ ಆಗಿತ್ತು. ಅಕ್ಕ ಕಟ್ಟೆಯನ್ನು ಹಿಡಿದು ನಿಂತಳು.

ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ತಮ್ಮ ಗಡಬಡಿಸಿ ಎದ್ದು ಅವಳ ಕೈ ಹಿಡಿದುಕೊಂಡ. ಇವತ್ತೊಂದು ದಿನ ಪಾತ್ರೆ ಕಿಲುಬು ಬಿಟ್ಟಿದೆ ಎಂದು ಹೇಳಿಬಿಡು, ಈಗಲೇ ಹೋಗಿ ಪಂಪು ನಿಲ್ಲಿಸುತ್ತೇನೆ, ನಾಳೆಗೆ ವಾಸನೆಯೇ ಇರುವುದಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ, ನಿನ್ನ ಕ್ಯಾಂಟೀನೂ ಉಳಿಯುತ್ತದೆ, ನನ್ನ ಕೆಲಸವೂ ಉಳಿಯುತ್ತದೆ ಎಂದು ಒಂದೇ ಉಸಿರಿಗೆ ಬೇಡಿದ. ಅವನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಹಾಗೆ ಮಾಡಿದ್ದರೆ ಎಲ್ಲ ಹಾಗೆಯೇ ಮುಚ್ಚಿಹೋಗುತ್ತಿತ್ತು. ಅಕ್ಕ ಅವನ ಕೆಂಪು ಕಣ್ಣುಗಳನ್ನು ನೋಡಿದಳು. ಇವನಿಗೆ ಹೊಟ್ಟೆಯೊಳಗೆ ಏನಾಗಿದೆಯೋ, ಹೊರಗಿರುವವರಿಗೆ ಏನಾಗಿದೆಯೋ ಯಾರಿಗೆ ಗೊತ್ತು? ಏನು ಉಂಡಿದ್ದೇನೆ ಎಂದು ಗೊತ್ತಿಲ್ಲದವನು ವೈದ್ಯರ ಹತ್ತಿರ ಹೋಗಿ ಏನೆಂದು ಹೇಳುತ್ತಾನೆ? ಅವನ ಕೈ ಬಿಡಿಸಿಕೊಂಡು ಊಟ ಬಡಿಸುವ ಕಟಕಟೆಯ ಹತ್ತಿರ ಬಂದಳು.

ಸಾಲಿನ ಮುಂದೆ ಉದ್ದಣ್ಣ ತಟ್ಟೆ ಹಿಡಿದು ನಿಂತಿದ್ದ.

“ಇವತ್ತು ಊಟ ಇಲ್ಲ,” ಎಂದಳು ಅಕ್ಕ. “ಅನ್ನದಲ್ಲಿ ಮದ್ದಿದೆ.”

ಉದ್ದಣ್ಣ ನಕ್ಕ. ಅವನ ಹಿಂದಿದ್ದವರೂ ನಕ್ಕರು. ಕೊನೆಗೂ ಬಾಯಿ ಬಿಟ್ಟಳಪ್ಪ, ನಾವು ವರ್ಷಗಟ್ಟಲೆ ಹೇಳಿದ್ದು ಸುಳ್ಳಲ್ಲ ಎಂದು ಯಾರೋ ಹಿಂದಿನಿಂದ ಕೂಗಿದರು. ನಗು ಸಾಲಿನ ತುದಿಯ ತನಕ ಹರಿಯಿತು. ಎಷ್ಟೋ ದಿನದಿಂದ ಮುಖ ಗಂಟಿಕ್ಕಿಕೊಂಡಿದ್ದ ಅಕ್ಕ ಇವತ್ತು ತಮಾಷೆಗೆ ಬಂದಳೆಂದು ಅವರಿಗೆ ಖುಷಿಯೇ ಆಗಿತ್ತು. ಉದ್ದಣ್ಣ ತಟ್ಟೆಯನ್ನು ಇನ್ನಷ್ಟು ಮುಂದೆ ಚಾಚಿ, ಇವತ್ತು ಮದ್ದು ಒಂಚೂರು ಜಾಸ್ತಿಯೇ ಬೀಳಲಿ ಎಂದ.

ಅವಳು ಇನ್ನೊಮ್ಮೆ ಹೇಳಿದಳು. ಬಾಯ್ಲರಿನ ಮದ್ದು, ಆವಿಯಲ್ಲಿ ಬಂದದ್ದು ಎಂದಳು. ನಗುವಿನ ಗದ್ದಲದಲ್ಲಿ ಅದು ಮುಂದಿನ ಇಬ್ಬರಿಗೂ ಕೇಳಿಸಲಿಲ್ಲ. ಆಗ ಅವಳು ತಿರುಗಿ, ಸೆರಗು ಬಿಗಿದು, ಅನ್ನದ ಕೊಪ್ಪರಿಗೆಯ ಅಂಚಿಗೆ ಎರಡೂ ಕೈ ಕೊಟ್ಟು ಎತ್ತಿದಳು. ಒಬ್ಬಳಿಂದ ಆಗುವ ಭಾರವಲ್ಲ ಅದು. ಕೊಪ್ಪರಿಗೆ ಓಲಿತು, ವಾಲಿತು, ಆಮೇಲೆ ಮಗುಚಿತು. ಹೊಗೆಯಾಡುವ ಅನ್ನವೆಲ್ಲ ಕಲ್ಲುಹಾಸಿನ ಮೇಲೆ ಚೆಲ್ಲಿ ಕಟಕಟೆಯ ಕೆಳಗಿನಿಂದ ಉದ್ದಣ್ಣನ ಚಪ್ಪಲಿಯ ತನಕ ಹರಡಿತು.

ನಗು ಕತ್ತರಿಸಿದಂತೆ ನಿಂತಿತು. ಬಿದ್ದ ಅಗುಳನ್ನು ಆರಿಸಿ ಹಕ್ಕಿಗೆ ಹಾಕುವ ಹೆಂಗಸು ಅವಳು ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಉದ್ದಣ್ಣನ ತಟ್ಟೆ ಚಾಚಿದ ಕೈಯಲ್ಲೇ ಇತ್ತು.

“ತಮಾಷೆ ಅಲ್ಲ ಕಣಪ್ಪ,” ಎಂದಳು. “ಪೈಪಿಗೆ ಹಾಕೋ ಅಮೀನು ನಿಮ್ಮ ಹೊಟ್ಟೆಗೆ ಹೋಗಿದೆ. ಬಿಟ್ಟಿದ್ದು ನನ್ನ ತಮ್ಮ. ಬಡಿಸಿದ್ದು ನಾನು. ಇಬ್ಬರಿಗೂ ಗೊತ್ತಿರಲಿಲ್ಲ.”

ತಟ್ಟೆಯೊಂದು ಎಲ್ಲೋ ಕೆಳಗೆ ಬಿತ್ತು. ವಾಂತಿ ಮಾಡಿದ್ದ ಹೆಂಗಸರಲ್ಲಿ ಒಬ್ಬಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಅಲ್ಲೇ ಕೂತಳು. ಉದ್ದಣ್ಣ, ವರ್ಷಗಟ್ಟಲೆ ಆ ಅಂಟಿನ ತೊಟ್ಟಿಯ ಮುಂದೆ ನಿಂತವನು, ಬಾಗಿಲ ಕಡೆಗೆ ಹಿಂದೆ ಹಿಂದೆ ಸರಿದ.

ಸುದ್ದಿ ತಿಳಿದು ಮ್ಯಾನೇಜರು ಓಡಿ ಬಂದರು. ನೆಲದ ಮೇಲಿನ ಅನ್ನವನ್ನು, ಗೋಡೆಯಿಂದ ಇಳಿದ ಪೈಪನ್ನು ನೋಡಿ ಅವರ ಮುಖ ಸುಣ್ಣದಂತಾಯಿತು. ಮದ್ದು ಮಾರಿದವನು ಈ ಆವಿ ಊಟಕ್ಕೆ ತಾಗಕೂಡದು ಎಂದು ಬಾಯಿಬಿಟ್ಟು ಹೇಳಿದ್ದನಂತೆ.

“ನಮ್ಮದು ಕಾಗದದ ಕಾರ್ಖಾನೆ, ಬಿಸ್ಕತ್ತಿಂದಲ್ಲ ಅಂತ ನಾನೇ ನಕ್ಕುಬಿಟ್ಟೆ,” ಎಂದರು. “ಈ ಪೈಪು ನೆನಪಿಗೇ ಬರಲಿಲ್ಲ ನೋಡು.”

ದಿನಾ ಅದೇ ಪೈಪಿನ ಕೆಳಗೆ ಕೂತು ಉಂಡವರು ಅವರು.

ಎಲ್ಲರನ್ನೂ ವೈದ್ಯರಿಗೆ ತೋರಿಸಿದರು. ಕಣ್ಣುರಿ, ಹೊಟ್ಟೆ ತೊಳಸುವುದು ಮೆಲ್ಲಗೆ ಇಳಿಯಿತು, ಯಾರ ಜೀವಕ್ಕೂ ಏನೂ ಆಗಲಿಲ್ಲ. ಮುಂದೆ ಏನಾದರೂ ಆದೀತೇ ಎಂದು ಕೇಳಿದ್ದಕ್ಕೆ ವೈದ್ಯರು, ಇಷ್ಟು ದಿನ ಇಷ್ಟು ಉಂಡವರನ್ನು ನಾನು ಹಿಂದೆ ಕಂಡಿಲ್ಲ, ಹಾಗಾಗಿ ಹೇಳಲಾರೆ ಎಂದರು. ಕ್ಯಾಂಟೀನಿಗೆ ಬರುತ್ತಿದ್ದ ಆವಿಯ ಕವಲನ್ನು ಕೊಯ್ದು ಮುಚ್ಚಿ ಹಾಕಿದರು. ಅಕ್ಕ ಪಾತ್ರೆ ತೊಳೆಯುವವಳ ಮನೆಗೆ ತಾನೇ ಹೋಗಿ ತಪ್ಪಾಯಿತು ಎಂದಳು. ಆ ಹೆಂಗಸು ಕೂರಿಸಿ ನೀರು ಕೊಟ್ಟು, ಬೇರೆ ಕಡೆ ಕೆಲಸ ಸಿಕ್ಕಿದೆ, ಬರುವುದಿಲ್ಲ ಎಂದಳು.

ಕ್ಯಾಂಟೀನು ಅಕ್ಕನ ಕೈಯಲ್ಲೇ ಉಳಿಯಿತು. ಈಗ ಅವಳು ಗ್ಯಾಸಿನ ಮೇಲೆ ಅಡುಗೆ ಮಾಡುತ್ತಾಳೆ, ಊಟದ ಬೆಲೆ ಒಂದೂವರೆಯಷ್ಟಾಗಿದೆ, ಉಣ್ಣುವವರು ಅರ್ಧಕ್ಕಿಳಿದಿದ್ದಾರೆ. ಬಾಯ್ಲರಿನ ಕೆಲಸ ತಮ್ಮನ ಕೈತಪ್ಪಿತು. ಅವನು ಅಂಗಳದಲ್ಲಿ ರದ್ದಿ ಕಾಗದದ ಹೊರೆ ಹೊರುತ್ತಾನೆ, ಬುತ್ತಿಯನ್ನು ತನ್ನ ಮನೆಯಿಂದಲೇ ತರುತ್ತಾನೆ. ಅಕ್ಕನ ಕೈಯಡುಗೆಯನ್ನು ಅವನು ಮತ್ತೆ ಉಂಡಿಲ್ಲ.