ಪ್ಯಾಕ್‌ಹಾರ್ಸ್ ಪಬ್ಬಿನ ಬಹಿಷ್ಕಾರ

ಸೋಂಕು ಬಂದು ಇಂಗ್ಲೆಂಡಿನ ಪಬ್ಬುಗಳೆಲ್ಲ ಮುಚ್ಚಿದ ಆ ವಸಂತದಲ್ಲಿ ಪತ್ರಿಕೆಯವರಿಗೆ ಒಂದೇ ಚಿಂತೆ ಹತ್ತಿತ್ತು. ಇಷ್ಟು ದೀರ್ಘಕಾಲ ಬಾಗಿಲು ಮುಚ್ಚಿರುವುದನ್ನು ತಾಳಿಕೊಂಡು ಪಬ್ ಕಂಪನಿಗಳು ಬದುಕಿ ಉಳಿದಾವೇ? ಪಾಪ, ಏನು ಕಾಳಜಿ! ಓದಿದಾಗಲೆಲ್ಲ ನನಗೆ ನಗು ಬರುತ್ತಿತ್ತು. ಯಾರ್ಕ್‌ಷೈರಿನ ಈ ಕಣಿವೆಯಲ್ಲಿ, ಪ್ಯಾಕ್‌ಹಾರ್ಸ್ ಪಬ್ಬಿನ ಕೌಂಟರಿನ ಹಿಂದೆ ನಿಂತು ಬಿಯರ್ ತುಂಬಿಸಿ ಕೊಡುತ್ತಲೇ ನನ್ನ ಕೂದಲು ಬೆಳ್ಳಗಾಗಿದೆ. ಕಂಪನಿಯೆಂದರೆ ಏನೆಂದು ನನಗೆ ಗೊತ್ತು. ಜಿರಳೆ ಬದುಕೀತೇ ಎಂದು ಯಾರಾದರೂ ಕೊರಗುತ್ತಾರೆಯೇ?

ಪ್ಯಾಕ್‌ಹಾರ್ಸನ್ನು ಊರವರೆಲ್ಲ ಗ್ಲೆನಿಸ್ ಅಕ್ರಾಯ್ಡ್‌ಳ ಪಬ್ಬು ಎನ್ನುತ್ತಿದ್ದರು. ಬಾಗಿಲ ಮೇಲೆ ಅವಳ ಹೆಸರೇ ಇತ್ತು. ಅವಳು ಹುಟ್ಟಿದ್ದೂ ವಾಸವಿದ್ದದ್ದೂ ಅದರ ಮಹಡಿಯಲ್ಲಿ, ಮದುವೆಯ ಊಟ ಹಾಕಿದ್ದು ಅದರ ಅಂಗಳದಲ್ಲಿ, ಗಂಡನನ್ನು ಕಳೆದುಕೊಂಡದ್ದೂ ಅಲ್ಲೇ. ಆದರೆ ಗೋಡೆ, ಸೂರು, ನೆಲಮಾಳಿಗೆ ಎಲ್ಲವೂ ಥಾರ್ನ್‌ಮಿಯರ್ ಕಂಪನಿಯದು, ಅವಳು ಬಾಡಿಗೆದಾರಳು. ಬಾಡಿಗೆ ಕೊಟ್ಟರಷ್ಟೇ ಸಾಲದು. ಬಿಯರನ್ನೂ ಕಂಪನಿಯಿಂದಲೇ, ಅದು ಹೇಳಿದ ದರಕ್ಕೇ ಕೊಳ್ಳಬೇಕು. ಅದೇ ಪೀಪಾಯಿ ಪಕ್ಕದ ಬೀದಿಯ ಸಗಟು ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕರೂ ಮುಟ್ಟುವ ಹಾಗಿಲ್ಲ. ಕದ್ದುಮುಚ್ಚಿ ತಂದರೆ ತಿಳಿಯಲೆಂದು ನೆಲಮಾಳಿಗೆಯ ಕೊಳವೆಗಳಿಗೆ ಮೀಟರು ಕೂರಿಸಿದ್ದರು. ಕೊಳವೆಯಲ್ಲಿ ಹರಿದದ್ದನ್ನೆಲ್ಲ ಅದು ಕಂಪನಿಯ ಕಚೇರಿಗೆ ಚಾಡಿ ಹೇಳುತ್ತಿತ್ತು. ಇಷ್ಟೆಲ್ಲ ಮಾಡಿಯೂ ಅವರು ಗ್ಲೆನಿಸ್‌ಳನ್ನು ಕರೆಯುತ್ತಿದ್ದದ್ದು 'ನಮ್ಮ ಪಾಲುದಾರರು' ಎಂದು. ಯಾವುದರಲ್ಲಿ ಪಾಲು ಎಂದು ಕೇಳಿದರೆ ಡೇಮಿಯನ್ ಮುಗುಳ್ನಗುತ್ತಿದ್ದ.

ಡೇಮಿಯನ್ ಫ್ರಾಗಟ್ ಎಂದರೆ ನಮ್ಮ ಕಣಿವೆಯ ಪಬ್ಬುಗಳ ಮೇಲೆ ಕಂಪನಿ ಇಟ್ಟಿದ್ದ ಮ್ಯಾನೇಜರು. ನುಣ್ಣಗೆ ಬೋಳಿಸಿದ ಗಲ್ಲ, ಇಸ್ತ್ರಿ ಕೆಡದ ಅಂಗಿ, ಬಾಯಿ ತೆರೆದರೆ ಬೆಣ್ಣೆ. ಪಬ್ಬು ಮುಚ್ಚಿದ ವಾರವೇ ಫೋನಿನ ಪರದೆಯಲ್ಲಿ ಕಾಣಿಸಿಕೊಂಡು, "ನಾವೆಲ್ಲ ಒಂದೇ ಕುಟುಂಬ, ಗ್ಲೆನಿಸ್" ಎಂದ. ಬಾಡಿಗೆ ಮನ್ನಾ ಆಗುತ್ತದೆಯೇ ಎಂದು ಅವಳು ಕೇಳಿದಾಗ ಕುಟುಂಬದ ಕಡೆಯ ಸಂಪರ್ಕ ಪಟ್ಟನೆ ಕಡಿದುಹೋಯಿತು.

ಪೀಪಾಯಿಗಳಲ್ಲಿದ್ದ ಬಿಯರು ಹುಳಿಯಾಗತೊಡಗಿತು. ಅದರ ದುಡ್ಡು ವಾಪಸ್ಸು ಬೇಕಾದರೆ ಕಂಪನಿಯವರ ಕಣ್ಣೆದುರೇ ಚೆಲ್ಲಬೇಕಂತೆ. ನಾನು ಫೋನು ಹಿಡಿದು ನಿಂತೆ. ಗ್ಲೆನಿಸ್ ಪೀಪಾಯಿಗಳನ್ನು ಒಂದೊಂದಾಗಿ ಮೋರಿಗೆ ಬಗ್ಗಿಸಿದಳು. ಅವಳ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಆ ಕಡೆ ಡೇಮಿಯನ್ ಬಿಸ್ಕತ್ತು ಕಡಿಯುತ್ತಾ, "ಸ್ವಲ್ಪ ಹತ್ತಿರ ಹಿಡೀರಿ ನೋರೀನ್, ಸರಿಯಾಗಿ ಕಾಣ್ತಿಲ್ಲ" ಎಂದ.

"ಮೋರೀಲಿ ತಲೆ ಇಡು ಡೇಮಿಯನ್, ಚೆನ್ನಾಗಿ ಕಾಣುತ್ತೆ" ಎಂದೆ. ಅವನು ಅದಕ್ಕೂ ಮುಗುಳ್ನಕ್ಕ.

ಆಮೇಲೆ ಪಬ್ಬು ತೆರೆಯಿತು, ಮತ್ತೆ ಮುಚ್ಚಿತು. ಕೈಮಾ ಹೊದಿಸಿದ ಮೊಟ್ಟೆಯೊಂದನ್ನು ತಿಂದರೆ ಅದು ಊಟವೋ ತಿಂಡಿಯೋ ಎಂದು ಲಂಡನ್ನಿನಲ್ಲಿ ದೊಡ್ಡ ದೊಡ್ಡವರು ತಲೆ ಕೆಡಿಸಿಕೊಂಡಿದ್ದರು, ಊಟವಾದರೆ ಮಾತ್ರ ಜೊತೆಗೆ ಕುಡಿಯಬಹುದೆಂಬ ಕಾರಣಕ್ಕೆ. ನಮ್ಮ ಕಣಿವೆಯಲ್ಲಿ ಮೊಟ್ಟೆಯ ಚರ್ಚೆಗೂ ಆಸ್ಪದವಿರಲಿಲ್ಲ, ಚಳಿಗಾಲವಿಡೀ ಬೀಗ. ಆದರೂ ಗ್ಲೆನಿಸ್ ವಾರಕ್ಕೊಮ್ಮೆ ನೆಲಮಾಳಿಗೆಗೆ ಇಳಿದು ಕೊಳವೆಗಳಿಗೆಲ್ಲ ನೀರು ಬಿಟ್ಟು, ಮೇಲೆ ಬಂದು ಒಂದೊಂದೇ ನಲ್ಲಿಯನ್ನು ಎಳೆದು ಹರಿಸುತ್ತಿದ್ದಳು. ತೊಳೆಯದೆ ಹಾಗೇ ಬಿಟ್ಟರೆ ಕೊಳವೆಯೊಳಗೆ ಪಾಚಿ ಕಟ್ಟಿ, ಮುಂದೆ ಬಂದ ಬಿಯರೆಲ್ಲ ನಾರುತ್ತದೆ. ಪಬ್ಬು ನಡೆಸುವ ಯಾರಾದರೂ ಮಾಡುವ ಕೆಲಸ ಅದು. ಕುಡಿಯುವವರಿಲ್ಲದ ಕೋಣೆಯಲ್ಲಿ ಅವಳೊಬ್ಬಳೇ ನಿಂತು ಗ್ಲಾಸಿಗೆ ನೀರು ತುಂಬಿಸಿ ಚೆಲ್ಲುವುದನ್ನು ನೋಡಲಾರದೆ ನಾನು ಮುಖ ತಿರುಗಿಸುತ್ತಿದ್ದೆ. ಪಬ್ಬು ಮತ್ತೆ ತೆರೆಯುತ್ತದೆ, ಆಗ ತನ್ನ ಬಿಯರು ಚೆನ್ನಾಗಿರಬೇಕು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಮರುವರ್ಷ ಏಪ್ರಿಲಿನಲ್ಲಿ ತೆರೆಯಲು ಅಪ್ಪಣೆ ಸಿಕ್ಕಿತು, ಅಂಗಳದಲ್ಲಿ ಮಾತ್ರ. ಅವತ್ತು ಆಲಿಕಲ್ಲು ಬೀಳುತ್ತಿತ್ತು. ಆದರೂ ನಮ್ಮ ಹಳೆಯ ಗಿರಾಕಿ, ಬಣ್ಣದ ಗಿರಣಿಯಿಂದ ನಿವೃತ್ತನಾದ ಸೆತ್ ಓಗ್ಡನ್, ಎರಡು ಕೋಟು ತೊಟ್ಟು ಬೆಂಚಿನ ಮೇಲೆ ರಾಜನಂತೆ ಕೂತಿದ್ದ. ಮಧ್ಯಾಹ್ನ ಡೇಮಿಯನ್ ಬಂದ. ಬಿಟ್ಟಿ ಬಿಯರೊಂದನ್ನು ಕೇಳಿ ಪಡೆದು, ಗುಟುಕರಿಸಿ, "ಆಹಾ, ಒಳ್ಳೇ ರುಚಿ ಇದೆ" ಎಂದು ಗ್ಲೆನಿಸ್‌ಳನ್ನು ಹತ್ತಿರ ಕರೆದ.

"ಒಂದು ಸಣ್ಣ ವಿಷಯ ಗ್ಲೆನಿಸ್. ಬಾಗಿಲು ಹಾಕಿದ್ದ ತಿಂಗಳುಗಳಲ್ಲಿ ನಿಮ್ಮ ಕೊಳವೆಗಳಲ್ಲಿ ಹರಿದಿದೆ. ಪ್ರತಿ ವಾರ."

"ಹರೀದೆ ಏನು? ನೀರು ಬಿಟ್ಟು ತೊಳೀತಿದ್ದೆ."

"ಮೀಟರು ಬಿಯರ್ ಅಂತಿದೆ. ನಮ್ಮಿಂದ ನೀವು ತಗೊಂಡಿಲ್ಲ. ಅಂದ್ರೆ ಹೊರಗಿಂದ ತಂದು, ಒಳಗಿಂದ ಚಿಲಕ ಹಾಕ್ಕೊಂಡು ಮಾರಿದ್ದೀರಿ ಅಂತ ಕಚೇರೀಲಿ ತಿಳ್ಕೊಂಡಿದ್ದಾರೆ. ಒಪ್ಪಂದ ಮುರಿದ ಹಾಗಾಯ್ತು."

ಸೆತ್ ಗ್ಲಾಸನ್ನು ಕುಕ್ಕಿದ. "ಯಾರಿಗಪ್ಪಾ ಮಾರಿದ್ಲು? ಒಂದು ಚಳಿಗಾಲ ಪೂರ್ತಿ ಹೆಂಡ್ತಿ ಮಾಡಿದ ಟೀ ಕುಡಿದು ನನ್ನ ಹೊಟ್ಟೆ ಕೆಟ್ಟುಹೋಗಿದೆ. ನನ್ನನ್ನ ಬಿಟ್ಟು ಬೇರೆಯವ್ರಿಗೆ ಮಾರಿದ್ದು ನಿಜ ಆದ್ರೆ ಹೇಳು, ನಾನೇ ಇವಳನ್ನ ಕೋರ್ಟಿಗೆ ಎಳೀತೀನಿ."

ಗ್ಲೆನಿಸ್ ನಗಲಿಲ್ಲ. "ಡೇಮಿಯನ್, ನನ್ನ ಮುಖ ನೋಡಿ ಹೇಳು. ಅದು ನೀರು ಅಂತ ನಿಂಗೆ ಗೊತ್ತಿಲ್ವಾ?"

"ಅಯ್ಯೋ, ಗೊತ್ತಿಲ್ದೆ ಏನು?" ಎಂದ ಅವನು, ಏನೂ ಆಗದವನ ಹಾಗೆ. "ನೀವು ಇನ್ನೇನು ಮಾಡ್ತೀರಿ, ಪಾಪ. ಖಂಡಿತ ನೀರೇ. ಆದ್ರೆ ಹಾಗಂತ ಕಚೇರಿಗೆ ನಾನು ಹೇಳ್ಬೇಕಲ್ಲ. ಹೇಳ್ತೀನಿ, ನೀವು ಹೊಸ ಒಪ್ಪಂದಕ್ಕೆ ಸಹಿ ಹಾಕ್ಬಿಡಿ."

ಹೊಸ ಒಪ್ಪಂದದಲ್ಲಿ ಬಾಡಿಗೆ ಏರಿತ್ತು. ಅದು ಹಾಳಾಗಲಿ, ಕಂಪನಿ ಬೇಕೆಂದಾಗ ಪಬ್ಬನ್ನು ಹಿಂದಕ್ಕೆ ಪಡೆದು ಮಾರಿಕೊಳ್ಳಬಹುದು ಎಂದೂ ಇತ್ತು. ಚಳಿಗಾಲದಲ್ಲಿ ಯಾರೋ ಇಬ್ಬರು ಬಂದು ಅಂಗಳವನ್ನು ಟೇಪು ಹಿಡಿದು ಅಳೆದು ಹೋದದ್ದು ಯಾಕೆಂದು ನನಗೆ ಆಗ ಹೊಳೆಯಿತು. ಸಹಿ ಹಾಕಿದರೂ ಮನೆ ಹೋಗುತ್ತದೆ, ಹಾಕದಿದ್ದರೂ ಹೋಗುತ್ತದೆ. ಹಾಕಿದರೆ ನಿಧಾನಕ್ಕೆ, ಅಷ್ಟೇ.

ಗ್ಲೆನಿಸ್ ಅವನ ಕೈಯಿಂದ ಗ್ಲಾಸು ಕಿತ್ತುಕೊಂಡು ಉಳಿದದ್ದನ್ನು ಹೂಕುಂಡಕ್ಕೆ ಸುರಿದಳು.

"ಎದ್ದೇಳು. ಇವತ್ತಿಂದ ಈ ಪಬ್ಬಲ್ಲಿ ನಿಂಗೆ ಬಹಿಷ್ಕಾರ."

"ಕಟ್ಟಡ ನಮ್ದು ಗ್ಲೆನಿಸ್" ಎಂದು ಅವನು ನಕ್ಕ.

"ಕಟ್ಟಡ ನಿಮ್ದೇ ಕಣಪ್ಪಾ. ಇಲ್ಲಿ ಯಾರು ಕುಡೀಬೇಕು ಅನ್ನೋದು ನಂದು. ನಡಿ ಆಚೆ."

ಅದು ನಿಜವೂ ಹೌದು. ಬಾಡಿಗೆದಾರಳಾದರೂ ಪಬ್ಬು ನಡೆಸುವವಳೇ ಅದರ ಒಡತಿ, ಅವಳು ಒಬ್ಬನನ್ನು ಹೊರಗಿಟ್ಟರೆ ಯಾಕೆಂದು ಯಾರೂ ಕೇಳುವ ಹಾಗಿಲ್ಲ. ಹೊಡೆದಾಡುವವರು, ಹೆಣ್ಣುಮಕ್ಕಳ ಮೈಮುಟ್ಟುವವರು, ಸಾಲ ಹೇಳಿ ಓಡುವವರು, ಎಲ್ಲರಿಗೂ ಇದೇ ಮದ್ದು. ನಮ್ಮ ಕಣಿವೆಯಲ್ಲಂತೂ ಒಂದು ಪಬ್ಬಿನಲ್ಲಿ ಬಹಿಷ್ಕಾರವಾದವನಿಗೆ ಎಲ್ಲ ಪಬ್ಬುಗಳಲ್ಲೂ ಬಹಿಷ್ಕಾರ. ಹಾಕಿದವರೇ ತೆಗೆಯಬೇಕು, ಬೇರೆಯವರಿಗೆ ಆ ಅಧಿಕಾರವಿಲ್ಲ. ಪುಂಡರ ಕಾಟ ತಪ್ಪಲೆಂದು ಈ ಕಟ್ಟುಪಾಡಿಗೆ ಎಲ್ಲ ಬಾಡಿಗೆದಾರರೂ ಒಳಪಡಲೇಬೇಕೆಂದು ಹಟ ಹಿಡಿದದ್ದು ಥಾರ್ನ್‌ಮಿಯರ್ ಕಂಪನಿಯೇ.

ಡೇಮಿಯನ್ ಅಲ್ಲಿಂದ ನೇರ ಕಮರ್ಷಿಯಲ್ ಎಂಬ ಪಬ್ಬಿಗೆ ಹೋದ. ಅದೂ ಕಂಪನಿಯದೇ. ಅಲ್ಲಿಯ ಬಾಡಿಗೆದಾರ ಡೆಸ್ಮಂಡ್ ಹುಟ್ಟಿದಾಗಿನಿಂದ ಯಾರಿಗೂ ಎದುರಾಡಿದವನಲ್ಲ. ಆದರೆ ಸೆತ್ ಅಷ್ಟರಲ್ಲಿ ಫೋನು ಮಾಡಿಬಿಟ್ಟಿದ್ದ.

"ಕ್ಷಮಿಸಿ ಸಾರ್, ನಿಮಗೆ ಬಹಿಷ್ಕಾರ ಆಗಿದೆಯಂತೆ" ಎಂದು ಡೆಸ್ಮಂಡ್ ಅಂಗಳದ ಗೇಟಿಗೆ ಅಡ್ಡ ನಿಂತನಂತೆ.

"ತಲೆ ಕೆಟ್ಟಿದೆಯೇನ್ರೀ? ನಾನು ಕಂಪನಿಯವನು!"

"ಹೌದು ಸಾರ್. ಕಂಪನಿಯವರದೇ ನಿಯಮ ಸಾರ್."

ಮರುದಿನ ಇನ್ನೊಂದು ಪಬ್ಬು, ಅದರ ಮರುದಿನ ಮತ್ತೊಂದು. ಬಾಡಿಗೆ ಏರಿಸಿದಾಗ, ಒಳ್ಳೆಯ ಬಿಯರನ್ನು ಮೋರಿಗೆ ಸುರಿಸಿದಾಗ ಉಸಿರೆತ್ತದ ಈ ಧೀರರಿಗೆಲ್ಲ ಈಗ ಎಲ್ಲಿಲ್ಲದ ಶೌರ್ಯ ಬಂದಿತ್ತು. ಮೀಸೆ ತಿರುವಿದ್ದೇ ತಿರುವಿದ್ದು! ಗ್ಲೆನಿಸ್‌ಳ ಪರವಾಗಿ ಒಂದು ಮಾತು ಆಡಿರೆಂದರೆ ಮಾತ್ರ ನೆಲ ನೋಡುತ್ತಿದ್ದರು. ಡೇಮಿಯನ್ ಕಾರಿನಲ್ಲೇ ಕೂತು, ಕಿಟಕಿಯ ಗಾಜು ಇಳಿಸಿ, ಮಳೆಯಲ್ಲಿ ನೆನೆಯುತ್ತಾ ವ್ಯವಹಾರ ಮಾಡತೊಡಗಿದ. ಶಾಲೆ ಬಿಟ್ಟ ಮಕ್ಕಳು ಆ ಕಾರನ್ನು ಕಂಡು ಕೇಕೆ ಹಾಕುತ್ತಿದ್ದವು.

ಬೇಸಿಗೆಯಲ್ಲಿ ಕಂಪನಿಯ ಮುಖ್ಯ ಕಚೇರಿಯಿಂದ ಒಬ್ಬ ಹೆಂಗಸಿನ ಫೋನು ಬಂತು. ಜೇನಿನಂಥ ದನಿ. ನಾನು ಪಕ್ಕದಲ್ಲೇ ಗ್ಲಾಸು ಒರೆಸುತ್ತಿದ್ದೆ.

"ಗ್ಲೆನಿಸ್ ಅವರೇ, ಆ ಬಹಿಷ್ಕಾರ ತೆಗೆದುಬಿಡಿ. ಕೊಳವೆ ವಿಷಯ ನಾವೂ ಮರೆತುಬಿಡ್ತೀವಿ. ನಿಮ್ಮ ಹಳೇ ಒಪ್ಪಂದವೇ ಇರಲಿ, ಪಬ್ಬು ನಿಮ್ಮ ಹತ್ರಾನೇ ಇರಲಿ."

ಹೂಂ ಅನ್ನು ಮಾರಾಯ್ತಿ, ಹೂಂ ಅನ್ನು ಎಂದು ಸನ್ನೆ ಮಾಡಿದೆ. ಗ್ಲೆನಿಸ್ ಕಿಟಕಿಯಾಚೆ ನೋಡುತ್ತಿದ್ದಳು.

"ತೆಗೀತೀನಿ. ಅವನು ಇಲ್ಲಿಗೆ ಬಂದು, ಗಿರಾಕಿಗಳ ಮುಂದೆ, ಅದು ನೀರು ಅಂತ ಹೇಳ್ಲಿ. ಅಷ್ಟೇ ಸಾಕು."

ಆ ಕಡೆ ಜೇನು ಸ್ವಲ್ಪ ಗಟ್ಟಿಯಾಯಿತು. "ಅದು ಆಗಲ್ಲ. ನಿಮ್ಮೊಬ್ಬರದು ನೀರು ಅಂತ ಒಪ್ಪಿಕೊಂಡ್ರೆ ಬೇರೆ ಪಾಲುದಾರರೂ ಕೇಳ್ತಾರೆ."

"ಎಷ್ಟು ಜನರ ನೀರನ್ನ ಬಿಯರ್ ಮಾಡಿದ್ದೀರಮ್ಮಾ?" ಎಂದು ಕೇಳಿ ಗ್ಲೆನಿಸ್ ಫೋನು ಇಟ್ಟಳು.

ನಾನು ಸಿಟ್ಟಿನಿಂದ ಒರೆಸುವ ಬಟ್ಟೆಯನ್ನು ಎಸೆದೆ. "ಒಂದು ಮಾತಿಗೋಸ್ಕರ ಮನೆ ಕಳ್ಕೋತೀಯಾ? ನಿಂಗೇನು ಹುಚ್ಚಾ?"

"ಕಳ್ಳಿ ಅನ್ನಿಸ್ಕೊಂಡು ಈ ಕೌಂಟರಿನ ಹಿಂದೆ ನಿಂತ್ಕೊಳ್ಳಕ್ಕೆ ನನ್ನ ಕೈಲಾಗಲ್ಲ ನೋರೀನ್" ಎಂದಳು. ನಾನು ಎಸೆದ ಬಟ್ಟೆಯನ್ನು ಎತ್ತಿಕೊಂಡು ಮತ್ತೆ ಗ್ಲಾಸು ಒರೆಸತೊಡಗಿದೆ.

ಶರತ್ಕಾಲದಲ್ಲಿ ಅವಳನ್ನು ಖಾಲಿ ಮಾಡಿಸಿದರು. ತಂಗಿಯ ಮನೆಯ ಪುಟ್ಟ ಕೋಣೆಯೊಂದರಲ್ಲಿ ಮಂಚ ಹಾಕಿಕೊಂಡಳು. ಪ್ಯಾಕ್‌ಹಾರ್ಸಿನ ಕಿಟಕಿಗಳಿಗೆ ಹಲಗೆ ಬಡಿದರು. ಅದನ್ನು ಫ್ಲ್ಯಾಟು ಕಟ್ಟುವವನಿಗೆ ಮಾರಿದ ದುಡ್ಡಿನಲ್ಲಿ, ಇನ್ನೂ ಇಂಥ ಎಷ್ಟೋ ಪಬ್ಬುಗಳನ್ನು ಮಾರಿದ ದುಡ್ಡಿನಲ್ಲಿ, ಥಾರ್ನ್‌ಮಿಯರ್ ಕಂಪನಿ ಸಂಕಷ್ಟ ದಾಟಿತೆಂದು ಪತ್ರಿಕೆಯಲ್ಲಿ ಬಂತು. ಏನು ಚಾಕಚಕ್ಯತೆ, ಏನು ದೂರದೃಷ್ಟಿ ಎಂದು ಹೊಗಳಿದ್ದೇ ಹೊಗಳಿದ್ದು. ಪಬ್ಬುಗಳನ್ನು ತಿಂದು ಪಬ್ ಕಂಪನಿ ಬದುಕಿತು. ಪತ್ರಿಕೆಯವರ ಚಿಂತೆ ನೀಗಿತಲ್ಲ, ಸಂತೋಷ.

ಡೇಮಿಯನ್‌ಗೆ ಮಾತ್ರ ಬಾಗಿಲು ತೆರೆಯಲಿಲ್ಲ. ಕೊನೆಗೆ ಅವನನ್ನು ದಕ್ಷಿಣಕ್ಕೆ ವರ್ಗ ಮಾಡಿದರು. ಅವನ ಜಾಗಕ್ಕೆ ಬಂದ ಹೊಸಬ ಒಂದು ಭಾನುವಾರ ಕಮರ್ಷಿಯಲ್ ಪಬ್ಬಿಗೆ ಬಂದಾಗ ಗ್ಲೆನಿಸ್ ಅಲ್ಲಿ ನನ್ನ, ಸೆತ್‌ನ ಜೊತೆ ಕೂತಿದ್ದಳು. ಆ ದಿನ ಅವಳನ್ನು ಒತ್ತಾಯ ಮಾಡಿ ಕರೆತಂದವಳು ನಾನೇ. ಹೊಸಬ ನಯವಾಗಿ ಪಕ್ಕಕ್ಕೆ ಬಂದು ನಿಂತ.

"ಮೇಡಮ್, ಹಳೇ ವಿಷಯ ಯಾಕೆ ಬೆಳೆಸೋದು? ಕಂಪನಿಗೂ ಇದು ಅವಮಾನ. ನೀವೊಂದು ಮಾತು ಹೇಳಿದ್ರೆ ಡೇಮಿಯನ್ ಮೇಲಿನ ಬಹಿಷ್ಕಾರ ಮುಗೀತದೆ."

"ಹೇಳ್ತಿದ್ದೆ ಕಣಪ್ಪಾ" ಎಂದಳು ಗ್ಲೆನಿಸ್. "ಆದ್ರೆ ಅದನ್ನ ಪ್ಯಾಕ್‌ಹಾರ್ಸಿನ ಒಡತಿ ಹೇಳ್ಬೇಕು. ಎಲ್ಲಿದ್ದಾಳೆ ಅವಳು? ನೀವೇ ಓಡಿಸಿದ್ರಲ್ಲ."

ಪಬ್ಬಿಗೆ ಪಬ್ಬೇ ಮೇಜು ಕುಟ್ಟಿ ನಕ್ಕಿತು. ಸೆತ್‌ಗೆ ನಕ್ಕು ನಕ್ಕು ಕೆಮ್ಮು ಹತ್ತಿತು. ಹೊಸಬ ಕೆಂಪಗಾಗಿ ಹೊರಟುಹೋದ. ಡೆಸ್ಮಂಡ್ ಎಲ್ಲರಿಗೂ ತನ್ನ ಲೆಕ್ಕದಲ್ಲಿ ಒಂದೊಂದು ಗ್ಲಾಸು ಕೊಡುತ್ತೇನೆಂದು ಕೂಗಿದ. ಆ ಗಲಾಟೆಯಲ್ಲಿ ಗ್ಲೆನಿಸ್ ಎದ್ದು, ತನಗೇ ತಿಳಿಯದ ಹಾಗೆ, ಮೇಜಿನಿಂದ ಮೇಜಿಗೆ ಹೋಗಿ ಖಾಲಿ ಗ್ಲಾಸುಗಳನ್ನು ಎರಡೂ ಕೈಯಲ್ಲಿ ಜೋಡಿಸಿಕೊಂಡಳು. ತಂದು ಕೌಂಟರಿನ ಮುಂದೆ ನಿಂತಳು. ಒಳಗೆ ಹೋಗುವ ದಾರಿಗೆ ಅಡ್ಡವಿದ್ದ ಕೌಂಟರಿನ ಹಲಗೆಯನ್ನು ಮೊಣಕೈಯಿಂದ ಎತ್ತಲು ಹೋದವಳು ಅಲ್ಲೇ ತಡೆದು ನಿಂತಳು.

ಡೆಸ್ಮಂಡ್ ಕೌಂಟರಿನ ಆ ಕಡೆಯಿಂದ ಮೆಲ್ಲಗೆ ಗ್ಲಾಸುಗಳನ್ನು ಇಸಿದುಕೊಂಡ. "ಹೋಗಿ ಕೂತ್ಕೊಳ್ಳಮ್ಮಾ" ಎಂದ.

ಆಗ ಯಾರೂ ನಗಲಿಲ್ಲ. ಅವಳು ಬಂದು ನನ್ನ ಪಕ್ಕ ಕೂತು, ಖಾಲಿ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು.